ಸೌಟು ಮತ್ತು ಪೊರಕೆ

ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಬಹುಕಾಲ ಇಂಜಿನಿಯರಾಗಿದ್ದು ಸ್ವಗ್ರಾಮವನ್ನು ನೋಡಲು ಬಂದ ಪ್ರವಾಸಿಯೊಬ್ಬನಿಗೂ, ಬಾಲ್ಯದಲ್ಲಿ ಅವನಿಗೆ ಅಕ್ಷರ ತಿದ್ದಿಸಿದ ಮೇಷ್ಟರಿಗೂ, ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ, ಗುರುಮಲ್ಲೇಶ್ವರ ಮಠದ ದಾಸೋಹದಲ್ಲಿ ಉಂಡುಬಂದು ಜಗಲಿಯ ಮೇಲೆ ಕುಳಿತಿದ್ದಾಗ ನಡೆದ ಸಂವಾದವಿದು.

ಮೇಷ್ಟರು: ಪ್ರವಾಸಕಥನಗಳನ್ನು ನಾನು ಸಾಕಷ್ಟು ಓದಿದ್ದೇನಪ್ಪ, ಕಾರಂತರ ‘ಅಪೂರ್ವ ಪಶ್ಚಿಮ’ವನ್ನೂ ‘ಅಮೆರಿಕದಲ್ಲಿ ಗೊರೂರು’ ಕೃತಿಯನ್ನೂ ಬಲ್ಲೆ. ಕಟ್ಟಡ, ರೈಲು, ಹಿಮ ಇವೆಲ್ಲ ಹಾಗಿರಲಿ. ಆ ಜನರ ನಡುವೆ ಬಾಳುವಾಗ ನಿನ್ನ ಮನಸ್ಸನ್ನು ಅಲುಗಿಸಿದುದು ಯಾವುದು, ಅದನ್ನು ಹೇಳು.

ಪ್ರವಾಸಿ: ಒಂದು ಹಲಗೆ, ಮೇಷ್ಟ್ರೇ. ನಾವಿದ್ದ ಕಟ್ಟಡದಲ್ಲಿ ಮಹಡಿಗೊಂದರಂತೆ ಸಂಸಾರಗಳಿದ್ದವು. ಅಂಗೈಯಗಲದ, ದಾರ ಕಟ್ಟಿದ ಆ ಹಲಗೆ ಯಾವ ಬಾಗಿಲ ಹಿಡಿಗೆ ತೂಗುತ್ತಿತ್ತೋ ಆ ಮನೆಯವರು ಆ ವಾರವೆಲ್ಲ ಮೆಟ್ಟಿಲನ್ನು ಗುಡಿಸಿ, ಒರೆಸಿ, ಮುಂದಿನ ಕಾಲುದಾರಿಯನ್ನು ಚೊಕ್ಕಟಗೊಳಿಸಿ, ವಾರದ ಕೊನೆಗೆ ಹಲಗೆಯನ್ನು ನೆರೆಮನೆಯ ಬಾಗಿಲಿಗೆ ತೂಗಹಾಕಬೇಕು. ಕೇರ್‌ವೊಖೆ ಎಂದು ಅದರ ಹೆಸರು. ಊರನ್ನು ಶುಚಿಯಾಗಿಡಬೇಕೆಂಬ ಅಲ್ಲಿಯ ಕಟ್ಟಳೆ 1492ರಷ್ಟು ಹಳೆಯದೆನ್ನುತ್ತಾರೆ. ಮೇಲ್ಮಹಡಿಯ ನ್ಯಾಯಾಧೀಶರು ಮಂಡಿಯೂರಿ, ಮೆಟ್ಟಿಲ ಮೂಲೆಯ ಧೂಳನ್ನು ಬಳಿದು ಮೊರಕ್ಕೆ ತುಂಬುತ್ತಿದ್ದುದನ್ನು ಮೊದಲು ಕಂಡಾಗ, ಇವರ ಮನೆಯಲ್ಲಿ ಆಳುಗಳಿಲ್ಲವೇ ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿತಲ್ಲ, ಆ ಪ್ರಶ್ನೆಯನ್ನು ನಾನು ಇಲ್ಲಿಂದಲೇ ಕೊಂಡೊಯ್ದಿದ್ದೆ.

ಮೇಷ್ಟರು: ಕೂಲಿಗೆ ಗುಡಿಸುವವನಿಗೂ ಕಟ್ಟಳೆಗೆ ಅಂಜಿ ಗುಡಿಸುವವನಿಗೂ ಅಂತರಂಗದಲ್ಲಿ ಏನು ಭೇದ? ಬಾಡಿಗೆಯ ಕರಾರಿನಲ್ಲಿ ಬರೆದುದನ್ನು ಮಾಡಿ ಮುಗಿಸಿದ ಮಾತ್ರಕ್ಕೆ ಅದು ಸಮತೆಯೆನಿಸುವುದೇ?

ಪ್ರವಾಸಿ: ಅಂತರಂಗವನ್ನು ನಾನರಿಯೆ. ಆದರೆ ಪೊರಕೆ ಹಿಡಿದ ಕೈಯನ್ನು ನೋಡಿ ಆ ಮನುಷ್ಯನ ಕುಲವನ್ನು ಊಹಿಸಲಾಗದ ಬೀದಿಯಲ್ಲಿ ನಡೆಯುವುದೆಂದರೆ ಎಂಥ ಹಗುರವೆಂಬುದನ್ನು ಬಲ್ಲೆ. ಈ ಊರಲ್ಲೇ ಹುಟ್ಟಿದ ದೇವನೂರ ಮಹಾದೇವರ ‘ಕುಸುಮಬಾಲೆ’ ಅಚ್ಚಾದ ಹೊಸತರಲ್ಲಿ ಅದನ್ನು ನನ್ನ ಕೈಗಿತ್ತವರು ತಾವು. ಕೇರಿಕೇರಿಗಳ ನಡುವಿನ ಅಂತರವನ್ನು ತಮಗೆ ನಾನು ಹೇಳಬೇಕೇ?

ಮೇಷ್ಟರು: ಬೇಡ. ಆದರೆ ಈಗತಾನೆ ಉಂಡೆದ್ದ ಪಂಕ್ತಿಯನ್ನೂ ಮರೆಯಬೇಡ. ಭಿಕ್ಷೆಯಾಗಿ ಬಂದುದನ್ನು ಬಂದವರಿಗೆಲ್ಲ ಬಡಿಸಿದ ಪರಂಪರೆಯದು. ಎಲೆಯ ಮುಂದೆ ಕುಳಿತವನನ್ನು ನೀನಾರೆಂದು ಅಲ್ಲಿ ಸೌಟು ಕೇಳುವುದಿಲ್ಲ. ನಿನ್ನ ನ್ಯಾಯಾಧೀಶರು ನಿನ್ನನ್ನು ಎಷ್ಟು ಸಲ ಊಟಕ್ಕೆ ಕರೆದರು?

ಪ್ರವಾಸಿ: ಒಮ್ಮೆಯೂ ಇಲ್ಲ. ಒಂದೇ ಮೆಟ್ಟಿಲನ್ನು ಸರದಿಯಂತೆ ತೊಳೆದ ನಮ್ಮ ನಡುವೆ ನಮಸ್ಕಾರಕ್ಕಿಂತ ಹೆಚ್ಚಿನದೇನೂ ಬೆಳೆಯಲಿಲ್ಲ. ಕೆಳಮನೆಯ ವೃದ್ಧೆ ಜ್ವರದಿಂದ ಮಲಗಿದ್ದಾಗ ನನ್ನ ಹೆಂಡತಿ ಗಂಜಿ ಕೊಂಡೊಯ್ದಳು. ಆಕೆ ಕೈಹಿಡಿದು ಕಣ್ಣೀರಿಟ್ಟಳು, ಮರುದಿನ ತೊಳೆದ ಪಾತ್ರೆಯ ಜೊತೆಗೆ ಗಂಜಿಯ ಬೆಲೆಯನ್ನೂ ಲಕೋಟೆಯಲ್ಲಿಟ್ಟು ಹಿಂದಿರುಗಿಸಿದಳು. ಹಾಗೆಂದು ಆ ನಾಡಿನಲ್ಲಿ ಸೌಟೇ ಇಲ್ಲವೆನ್ನಲಾರೆ. ಅದೇ ನಗರದ ಲೆಯೊನ್‌ಹಾರ್ಡ್ ಚರ್ಚಿನಲ್ಲಿ 1995ರಿಂದ ಚಳಿಗಾಲದ ಕೆಲವು ವಾರ ನಿರ್ಗತಿಕರಿಗೆ ಬಿಸಿಯೂಟ ಬಡಿಸುತ್ತಾರೆ. ಉಳ್ಳವರೂ ಬಂದು ಅದೇ ಮೇಜಿಗೆ ಕೂರುತ್ತಾರೆ.

ಮೇಷ್ಟರು: ಪೊರಕೆಯೂ ನಮಗೆ ಪರದೇಶದ್ದಲ್ಲ. ನಮ್ಮ ತಾಲ್ಲೂಕಿನ ಬದನವಾಳಿಗೆ ಬಂದುಹೋದ ಗಾಂಧೀಜಿ ತಮ್ಮ ಆಶ್ರಮಗಳಲ್ಲಿ ಕಕ್ಕಸನ್ನು ಎಲ್ಲರ ಕೈಯಿಂದಲೂ ಶುಚಿಮಾಡಿಸಿದರು, ತಾವೂ ಮಾಡಿದರು. ನಾವು ಅವರ ಪಟಕ್ಕೆ ಹಾರ ಹಾಕಿ, ಕೆಲಸವನ್ನು ಹಿಂದೆ ಮಾಡುತ್ತಿದ್ದವರಿಗೇ ಬಿಟ್ಟೆವು. ಆದಕಾರಣ ಎರಡು ನಾಡುಗಳ ಭೇದ ಜನರ ಸ್ವಭಾವದಲ್ಲಿದೆಯೆಂದು ನನಗೆ ತೋರದು. ಅವರಿಗೆ ಪೊರಕೆ ನಿತ್ಯದ ಅಭ್ಯಾಸ, ಪಂಕ್ತಿಭೋಜನ ಚಳಿಗಾಲದ ವ್ರತ. ನಮಗೆ ಪಂಕ್ತಿಭೋಜನ ನಿತ್ಯದ್ದು, ಪೊರಕೆ ಮಹಾತ್ಮರ ವ್ರತ.

ಪ್ರವಾಸಿ: ನನ್ನನ್ನು ಬಾಧಿಸುವುದು ಅದೇ. ವ್ರತ ಹಿಡಿದವನು ಪೂಜ್ಯನಾಗುತ್ತಾನೆ. ಪೂಜ್ಯನಾದೊಡನೆ, ಅವನು ಮಾಡಿದುದನ್ನು ನಾವು ಮಾಡಬೇಕಾದ ಹೊಣೆ ನಮ್ಮ ಹೆಗಲಿನಿಂದ ಇಳಿದುಹೋಗುತ್ತದೆ. ಆ ನ್ಯಾಯಾಧೀಶರನ್ನು ಯಾರೂ ಹೊಗಳಲಿಲ್ಲ. ಹಲಗೆ ಮುಂದಿನ ಬಾಗಿಲಿಗೆ ಹೋಯಿತು, ಅಷ್ಟೆ.

ಮೇಷ್ಟರು: ಹಾಗಾದರೆ ಕೇಳು. ಮಾಘದಲ್ಲಿ ನನ್ನ ಮೊಮ್ಮಗಳ ಮದುವೆ. ಬಡಿಸುವುದೆಂದರೆ ಬೀದಿಯ ಹುಡುಗರೆಲ್ಲ ಪಂಚೆ ಎತ್ತಿಕಟ್ಟಿ ಮುಂದೆ ಬರುತ್ತಾರೆ. ಎಂಜಲೆಲೆ ಎತ್ತುವುದಕ್ಕೆ ಮಾತ್ರ ನಾವು ಹೇಳಿಕಳುಹಿಸುವುದು ಒಂದೇ ಕೇರಿಗೆ. ಈ ಸಲ ಎಲೆ ಎತ್ತುವ ಸರದಿಯನ್ನು ಬರೆದು, ಮೊದಲ ಪಂಕ್ತಿಗೆ ನನ್ನ ಹೆಸರನ್ನೇ ಹಾಕುತ್ತೇನೆ.

ಪ್ರವಾಸಿ: ತಮ್ಮ ವಯಸ್ಸನ್ನು ನೋಡಿ ಯಾರಾದರೂ ಕೈಯಿಂದ ಎಲೆ ಕಿತ್ತುಕೊಂಡಾರು; ಬಿಡಬೇಡಿ. ಎರಡನೆಯ ಪಂಕ್ತಿ ನನ್ನದಾಗಲಿ. ಮೂರನೆಯದಕ್ಕೆ ವರನ ಕಡೆಯವರನ್ನು ಕೇಳುವವರಾರು?

ಮೇಷ್ಟರು: ನಾನೇ ಕೇಳುತ್ತೇನೆ, ಲಗ್ನಪತ್ರಿಕೆ ಬರೆಯುವ ದಿನ, ತಾಂಬೂಲ ಬದಲಾಯಿಸುವುದಕ್ಕೆ ಮೊದಲು.