ಬಿಡುವುದು ಬೇರೆ, ಕೊಲ್ಲುವುದು ಬೇರೆ

2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಗುಣವಾಗುವ ಆಸೆ ಪೂರಾ ಹೋದ ರೋಗಿಗೆ ಯಂತ್ರದ ಆಸರೆಯನ್ನು ಯಾವ ಕ್ರಮದಲ್ಲಿ ತೆಗೆಯಬಹುದು ಎಂಬುದಷ್ಟೇ ಅದರ ವಿಷಯ. ಹರಿಹರದ ಹೋಟೆಲುಗಳಲ್ಲಿ, ಗುತ್ತೂರಿನ ಕಟ್ಟೆಗಳ ಮೇಲೆ ಮಾತು ಬೇರೆಯೇ ಆಯಿತು: "ಇನ್ಮ್ಯಾಲೆ ಇಚ್ಛಾಮರಣ ಸಿಗ್ತತಂತೆ." ಟೀವಿಯಿಂದ ಬಂದ ಪದ ಅದು. ಆ ಪದ ತಪ್ಪು. ಆ ತಪ್ಪಿನಿಂದ ನೋಯುವ ಮನೆಗಳಿವೆ, ಅದಕ್ಕೇ ಈ ಬರಹ.

ಇಚ್ಛಾಮರಣ ಅಂದಕೂಡಲೇ ನೆನಪಾಗುವವನು ಭೀಷ್ಮ. ತಂದೆ ಕೊಟ್ಟ ವರವನ್ನು ಅವನು ಬಳಸಿದ್ದು ಸಾಯುವುದಕ್ಕಲ್ಲ, ಸಾವನ್ನು ತಡೆದು ನಿಲ್ಲಿಸುವುದಕ್ಕೆ. ಬಾಣಗಳ ಮೇಲೆ ಮಲಗಿ 58 ರಾತ್ರಿ ಉತ್ತರಾಯಣಕ್ಕೆ ಕಾದ. ಆ ನಡುವೆ ಧರ್ಮರಾಯನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದ. ಅವನಿಗೆ ಎಚ್ಚರವಿತ್ತು, ಮಾತಿತ್ತು, ಕಾಯಲು ಕಾರಣವಿತ್ತು. ಸುತ್ತೋಲೆ ಯಾರ ಬಗ್ಗೆ ಇದೆಯೋ ಅವರಿಗೆ ಈ ಮೂರರಲ್ಲಿ ಒಂದೂ ಉಳಿದಿರುವುದಿಲ್ಲ.

ಗುತ್ತೂರಿನ ನಮ್ಮ ದೊಡ್ಡವ್ವ 2019ರಲ್ಲಿ ಮೆದುಳಿನ ರಕ್ತಸ್ರಾವವಾಗಿ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ವೆಂಟಿಲೇಟರ್ ಮೇಲಿದ್ದಳು. ಬಳೆ ಬಿಚ್ಚಿಸಿದ ಮುಂಗೈ, ಊದಿದ ಬೆರಳು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ದಾರದ ಸಮೇತ ದಿಂಬಿನ ಕೆಳಗೆ ಇಟ್ಟಿದ್ದರು. ಇನ್ನು ಏನೂ ಮಾಡಲಾಗದು, ಆದರೆ ಯಂತ್ರವನ್ನು ತಾವಾಗಿ ತೆಗೆಯುವುದಿಲ್ಲ, ಬೇಕಾದರೆ ಸಹಿ ಹಾಕಿ ಮನೆಗೆ ಕರೆದೊಯ್ಯಿರಿ ಎಂದರು ವೈದ್ಯರು. ಕಾಗದ ಇಂಗ್ಲಿಷಿನಲ್ಲಿತ್ತು: ವೈದ್ಯರ ಸಲಹೆ ಮೀರಿ, ನಮ್ಮದೇ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆ ಎಂದು. ಪೆನ್ನು ಹಿಡಿದ ಅವಳ ಮಗ, ನಮ್ಮಣ್ಣ, ನನ್ನ ಕಡೆ ತಿರುಗಿದ: "ನಾವೇ ಸಾಯಿಸಿದಂಗ ಆಕ್ಕತೇನೋ ತಮ್ಮಾ?"

ಸಹಿ ಹಾಕಿದ. ಪಿ.ಬಿ. ರಸ್ತೆಯುದ್ದಕ್ಕೂ ಆಂಬುಲೆನ್ಸಿನ ಹುಡುಗ ರಬ್ಬರ್ ಚೀಲ ಹಿಚುಕುತ್ತ ಉಸಿರು ಕೊಟ್ಟ. ಮನೆಯ ಪಡಸಾಲೆಯಲ್ಲಿ ಕೈ ತೆಗೆದ.

ಅಣ್ಣನ ಪ್ರಶ್ನೆಗೆ "ಹೌದು, ವ್ಯತ್ಯಾಸವೇನೂ ಇಲ್ಲ" ಎಂದು ಉತ್ತರ ಬರುವಂಥ ವಾದ ಹೂಡಿದವರು ಅಮೆರಿಕದ ತತ್ತ್ವಜ್ಞಾನಿ ಜೇಮ್ಸ್ ರೇಚೆಲ್ಸ್. 1975ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅವರು ಬರೆದ ಲೇಖನ ಇಂದಿಗೂ ತರಗತಿಗಳಲ್ಲಿ ಪಾಠ. ಅದರಲ್ಲಿ ಆಸ್ತಿಗಾಗಿ ಒಬ್ಬ ತನ್ನ ಆರು ವರ್ಷದ ದಾಯಾದಿ ಹುಡುಗನನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಇನ್ನೊಬ್ಬ ಕೊಲ್ಲಲೆಂದೇ ಹೋಗುತ್ತಾನೆ. ಅಷ್ಟರಲ್ಲಿ ಹುಡುಗ ತಾನೇ ಜಾರಿ, ತಲೆಗೆ ಪೆಟ್ಟು ಬಿದ್ದು ನೀರಿಗೆ ಬೋರಲಾಗುತ್ತಾನೆ, ಇವನು ನೋಡುತ್ತ ನಿಲ್ಲುತ್ತಾನೆ. ಇಬ್ಬರ ಪಾಪವೂ ಒಂದೇ ತಾನೆ? ಹಾಗಾದರೆ ಕೊಲ್ಲುವುದಕ್ಕೂ ಸಾಯಲು ಬಿಡುವುದಕ್ಕೂ ನೈತಿಕವಾಗಿ ಭೇದವಿಲ್ಲ ಎನ್ನುತ್ತಾರೆ ರೇಚೆಲ್ಸ್. ನರಳುವವರಿಗೆ ಬೇಗ ಬಿಡುಗಡೆ ಸಿಗಲಿ ಎಂಬುದು ಅವರ ಕಾಳಜಿ, ಅದನ್ನು ಅಲ್ಲಗಳೆಯಲಾರೆ. ಉದಾಹರಣೆಯನ್ನು ಮಾತ್ರ ಒಪ್ಪಲಾರೆ.

ತೊಟ್ಟಿಯಲ್ಲಿ ಬಿದ್ದ ಹುಡುಗ ಗಟ್ಟಿಮುಟ್ಟಾಗಿದ್ದಾನೆ. ಒಂದು ಕೈ ಚಾಚಿದರೆ ಅವನ ಮುಂದೆ ಇಡೀ ಬಾಳಿದೆ. ಚಾಚದವನು ಆ ಬಾಳನ್ನು ಕಸಿದ. ದೊಡ್ಡವ್ವನ ಮಂಚದ ಬಳಿ ನಮ್ಮ ಕೈ ಹನ್ನೊಂದು ದಿನ ಚಾಚಿಯೇ ಇತ್ತು, ಹಿಡಿದುಕೊಳ್ಳುವ ಶಕ್ತಿ ಆ ಕಡೆ ಇರಲಿಲ್ಲ. ವಿಷದ ಸೂಜಿ ಚುಚ್ಚಿದವನ ಲೆಕ್ಕದಲ್ಲಿ ರೋಗಿ ಸಾಯಲೇಬೇಕು, ಬದುಕಿದರೆ ಅವನ ಕೆಲಸ ಕೆಟ್ಟಿತು. ಕೊಳವೆ ತೆಗೆದ ಮೇಲೂ ರೋಗಿ ತಾನೇ ಉಸಿರಾಡಿದರೆ ಮನೆಯವರು ದೇವರಿಗೆ ಕಾಯಿ ಒಡೆಸುತ್ತಾರೆ. ಇದು ಬರೀ ಊಹೆಯಲ್ಲ. ಅಮೆರಿಕದ ಕ್ಯಾರೆನ್ ಆನ್ ಕ್ವಿನ್ಲನ್ ಎಂಬ ಯುವತಿಯ ವೆಂಟಿಲೇಟರನ್ನು ಕೋರ್ಟಿನ ಅನುಮತಿ ಪಡೆದು 1976ರಲ್ಲಿ ತೆಗೆದಾಗ ಆಕೆ ಸಾಯಲಿಲ್ಲ. ಎಚ್ಚರ ಬಾರದಿದ್ದರೂ 1985ರವರೆಗೆ ಸ್ವಂತ ಉಸಿರಿನಲ್ಲೇ ಇದ್ದಳು. ಯಂತ್ರ ಬೇಡವೆಂದು ಹೋರಾಡಿದ ಹೆತ್ತವರೇ ಅವಳಿಗೆ ಕೊಳವೆಯಲ್ಲಿ ಕೊಡುತ್ತಿದ್ದ ಆಹಾರವನ್ನು ನಿಲ್ಲಿಸಲು ಒಪ್ಪಲಿಲ್ಲ. ಅವರನ್ನು ರೇಚೆಲ್ಸರ ತೊಟ್ಟಿಯ ಪಕ್ಕದಲ್ಲಿ ಹೇಗೆ ನಿಲ್ಲಿಸುವುದು?

ನಮ್ಮ ಕಾನೂನೂ ಈ ಭೇದದ ಮೇಲೆಯೇ ನಿಂತಿದೆ. ಹೊನ್ನಾವರದ ಹಳದೀಪುರದಿಂದ ಮುಂಬೈಗೆ ನರ್ಸ್ ಆಗಿ ಹೋಗಿ, 1973ರ ದಾಳಿಯ ನಂತರ 2015ರವರೆಗೆ ಹಾಸಿಗೆಯಲ್ಲೇ ಇದ್ದ ಅರುಣಾ ಶಾನಭಾಗರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಇದನ್ನು ಒಪ್ಪಿತು. ಆದರೆ ಅರುಣಾರನ್ನು ನೋಡಿಕೊಳ್ಳುತ್ತಿದ್ದ ನರ್ಸುಗಳು ಬಿಡಲು ತಯಾರಿರಲಿಲ್ಲ, ಅವರ ಮಾತೇ ಉಳಿಯಿತು. ಬಿಡಬಹುದು ಎಂದರೆ ಬಿಡಲೇಬೇಕು ಎಂದಲ್ಲ. ಅದೇ ಕೋರ್ಟು 2018ರ ತೀರ್ಪಿನಲ್ಲಿ ಹಾಕಿಕೊಟ್ಟ ಕ್ರಮ ತೀರಾ ತೊಡಕಾಗಿತ್ತು, 2023ರಲ್ಲಿ ಸರಳವಾಯಿತು, ಸುತ್ತೋಲೆ ಹೇಳುವುದೂ ಅದನ್ನೇ: ಚಿಕಿತ್ಸೆ ಕೊಡುವ ವೈದ್ಯರೂ ಇಬ್ಬರು ತಜ್ಞರೂ ಸೇರಿ ನಿರ್ಧರಿಸಬೇಕು, ಎರಡನೆಯ ಮಂಡಳಿ ಅದನ್ನು ಪರಿಶೀಲಿಸಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಘನತೆಯಿಂದ ಸಾಯುವ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಪತ್ರ ಬರೆದು ಬರೆದು ಹೋರಾಡಿದವರು. ಸುತ್ತೋಲೆ ಬಂದಾಗ ಮೊದಲು ಕೇಳಿಬಂದದ್ದೂ ಅವರ ಹೆಸರೇ. ಆದರೆ ಯಂತ್ರದ ಆಸರೆಯಿಲ್ಲದೆ ಬದುಕಿರುವವರಿಗೆ ಸುತ್ತೋಲೆ ಏನನ್ನೂ ಕೊಡುವುದಿಲ್ಲ. ಅವರು ಎತ್ತಿದ ಪ್ರಶ್ನೆ ದೊಡ್ಡದು. ಅದಕ್ಕೆ ಬೇರೆಯಾಗಿಯೇ ಉತ್ತರ ಹುಡುಕಬೇಕು, ಈ ಕಾಗದವನ್ನು ತೋರಿಸಿ ಮುಗಿಸಬಾರದು.

ಇದನ್ನೆಲ್ಲ ಹೇಳುವವರು ಬದುಕಿನ ಆಸೆಯನ್ನು ಮೋಹವೆಂದು ಜರಿಯುತ್ತಾರೆ ಎಂದುಕೊಳ್ಳಬೇಡಿ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ, ಈಗ 70ರ ಆಸುಪಾಸು. ಲಸಿಕೆ, ಶುದ್ಧ ನೀರು, ಹೆರಿಗೆ ಆಸ್ಪತ್ರೆ ಕೊಟ್ಟ ಈ ವರ್ಷಗಳಲ್ಲಿ ಒಂದನ್ನೂ ನಾನು ಬಿಟ್ಟುಕೊಡಲಾರೆ. ಇವು ಬಾಳನ್ನು ಬೆಳೆಸಿದವು. ದೊಡ್ಡವ್ವನ ಹನ್ನೊಂದು ದಿನ ಬೆಳೆದದ್ದು ಸಾವು. ಹರಿಹರದ ಸ್ಥಳಪುರಾಣದ ಗುಹಾಸುರ ಹರಿಯಿಂದಲೂ ಸಾವು ಬೇಡ, ಹರನಿಂದಲೂ ಬೇಡ ಎಂದು ವರ ಪಡೆದವನು. ಯಾರಿಂದ ಸಾಯಬಾರದು ಎಂಬ ಲೆಕ್ಕ ಅವನ ವರದಲ್ಲಿತ್ತು, ಯಾಕೆ ಬದುಕಬೇಕು ಎಂಬುದಿರಲಿಲ್ಲ. ಕೊನೆಗೆ ಕಾಯುವ ದೇವರೂ ಲಯದ ದೇವರೂ ಒಂದೇ ಮೈಯಾಗಿ ಬಂದರು. 1224ರ ಸುಮಾರಿಗೆ ಪೋಲಾಳ್ವ ದಂಡನಾಯಕ ಕಟ್ಟಿಸಿದ ಗುಡಿಯಲ್ಲಿ ಇವತ್ತಿಗೂ ಬಲಕ್ಕೆ ಹರ, ಎಡಕ್ಕೆ ಹರಿ.

ಹೋದ ಹಿರಿಯರ ಹಬ್ಬಕ್ಕೆ ಎಡೆ ಇಟ್ಟಾದ ಮೇಲೆ ಅಣ್ಣ ಅದೇ ಮಾತು ತೆಗೆದ. ಸುತ್ತೋಲೆಯಲ್ಲಿ ಇರುವುದನ್ನು ಒಂದೊಂದಾಗಿ ಹೇಳಿದೆ. ಮೂವರು ವೈದ್ಯರ ಸಹಿ ಎಂಬಲ್ಲಿ ತಡೆದ.

"ಡಾಕ್ಟ್ರು ಅವತ್ತೂ ಇದ್ರಲ್ಲೋ ತಮ್ಮಾ. ಆ ಕಾಗದದಾಗ ನನ್ನ ಸಹಿ ಒಂದೇ ಯಾಕಿತ್ತು?"