ಸೊರ ಮೀನಿನ ಲೆಕ್ಕ

ಗಂಗಾವತಿ ತಾಲ್ಲೂಕಿನ ಶ್ರೀರಾಮನಗರಕ್ಕೆ ಸಮುದ್ರ ಬಲು ದೂರ. ಕಣ್ಣು ಹಾಯಿಸಿದತ್ತ ಎಡದಂಡೆ ನಾಲೆಯ ನೀರು, ಭತ್ತದ ಗದ್ದೆ, ರೈಸ್ ಮಿಲ್ಲು. ಆದರೂ ಈ ಸೀಮೆಯ ವಲಸಿಗರ ಕ್ಯಾಂಪುಗಳಲ್ಲಿ ಸೊರ ಮೀನಿನ ಹೆಸರು ಹೊಸದಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು ನೆಲೆ ನಿಂತ ಕುಟುಂಬಗಳು ಇಲ್ಲಿ ಬಹಳ. ಬಾಣಂತಿಗೆ ಹಾಲು ಹೆಚ್ಚಲೆಂದು ಪಾಲ ಸೊರ ಎಂಬ ಜಾತಿಯನ್ನು ಉಣ್ಣಿಸುವುದು ಅವರ ಹಿರಿಯರ ಊರುಗಳ ರೂಢಿ. ಸೊರ ಅಂದರೆ ಶಾರ್ಕ್, ನಮ್ಮ ಕರಾವಳಿಯವರ ತಾಟೆ.

ಸೊರದ ಚರ್ಮ ಮರಳು ಕಾಗದದಂತೆ ತರಿತರಿ. ಆ ತರಿ ಒಂದೊಂದೂ ಹಲ್ಲಿನ ರಚನೆಯದೇ. ಬಿಸಿನೀರಲ್ಲಿ ಬೇಯಿಸಿ ಉಜ್ಜಿದರೆ ಅದು ಕಳಚುತ್ತದೆ. ಒಳಗಿನ ಮಾಂಸವನ್ನು ಬೆರಳಲ್ಲೇ ಪುಡಿ ಮಾಡಿ, ಅರಿಸಿನ ಬೆರೆಸಿ, ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಯ ಜೊತೆ ಹುರಿಯುತ್ತಾರೆ. ಮುಳ್ಳಿನ ಭಯವಿಲ್ಲ. ಇಡೀ ಅಸ್ಥಿಪಂಜರವೇ ನಮ್ಮ ಕಿವಿಯಂತೆ ಬರೀ ಮೃದ್ವಸ್ಥಿ.

ಮೃದ್ವಸ್ಥಿ ಬೇಗ ಕೊಳೆಯುತ್ತದೆ. ಹೀಗಾಗಿ ಅಳಿದುಹೋದ ಶಾರ್ಕ್ ಬಂಧುಗಳು ನಮಗೆ ಉಳಿಸಿಹೋದದ್ದು ಬಹುಪಾಲು ಹಲ್ಲುಗಳನ್ನೇ. ಗರಗಸದ ಚಕ್ರದಂತೆ ಸುರುಳಿ ಸುತ್ತಿದ ಹೆಲಿಕೋಪ್ರಿಯಾನ್ ಎಂಬ ಮೀನಿನ ಹಲ್ಲುಸಾಲನ್ನು ರಷ್ಯಾದ ಭೂವಿಜ್ಞಾನಿ ಕಾರ್ಪಿನ್‌ಸ್ಕಿ 1899ರಲ್ಲಿ ವಿವರಿಸಿದರು. ಅದು ಬಾಯಲ್ಲಿತ್ತೋ, ಬೆನ್ನ ಮೇಲಿತ್ತೋ ಎಂಬ ವಾದವೇ ಬಹುಕಾಲ ನಡೆಯಿತು. ಕೆಳದವಡೆಯಲ್ಲಿತ್ತು, ಅದರ ಹತ್ತಿರದ ನೆಂಟರು ಆಳಸಮುದ್ರದ ಕೈಮೀರಾ ಮೀನುಗಳು ಎಂದು 2013ರಲ್ಲಿ ಸಂಶೋಧಕರು ಸ್ಕ್ಯಾನ್ ಮಾಡಿ ತೋರಿಸಿದರು. ತಮಿಳುನಾಡಿನ ಅರಿಯಲೂರು ಸೀಮೆಯಲ್ಲೂ ಶಾರ್ಕ್‌ಗಳ ಹಳೆಯ ಹಲ್ಲುಗಳು ಸಿಗುತ್ತವೆ. ಆದರೆ ನಮ್ಮ ಪಕ್ಕದ ಆನೆಗೊಂದಿಯ ಬಂಡೆಗಳಲ್ಲಿ ಹುಡುಕಿ ಫಲವಿಲ್ಲ. ಸುಮಾರು 250 ಕೋಟಿ ವರ್ಷದ ಆ ಕಲ್ಲು ಹುಟ್ಟಿದಾಗ ಮೀನೇ ಇರಲಿಲ್ಲ.

ಸೊರದ್ದು 40 ಕೋಟಿ ವರ್ಷಗಳಿಂದ ಇರುವ ವಂಶ. ಭೂಮಿಯ ಐದು ಮಹಾ ಅಳಿವುಗಳಲ್ಲಿ ನಾಲ್ಕನ್ನು ದಾಟಿ ಬಂದಿದೆ. ಅಂಥದ್ದು 1970ರಿಂದೀಚೆಗೆ ತತ್ತರಿಸಿದೆ. ತೆರೆದ ಸಾಗರದ ಶಾರ್ಕ್, ತೊರಕೆ (ರೇ) ಮೀನುಗಳ ಸಂಖ್ಯೆ ಅರ್ಧ ಶತಮಾನದಲ್ಲಿ ಶೇ. 71ರಷ್ಟು ಕುಸಿದಿದೆ ಎಂದು 2021ರ ಅಧ್ಯಯನ ಹೇಳುತ್ತದೆ. ಕಾರಣ ನಮ್ಮ ಬಲೆ. ಕೆರೆಯ ರೋಹು ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಪಾಲ ಸೊರ ಹೆಚ್ಚುಕಡಿಮೆ ವರ್ಷವಿಡೀ ಹೊತ್ತು, ಹೆರುವುದು ಒಂದರಿಂದ ಎಂಟು ಮರಿ. ಅದೂ ಬಸುರಿ, ಅದೂ ಬಾಣಂತಿ. ಲಕ್ಷ ಮೊಟ್ಟೆಯಿಡುವ ಮೀನನ್ನೂ ಎಂಟು ಮರಿಯ ಸೊರವನ್ನೂ ಒಂದೇ ವೇಗದಲ್ಲಿ ಬಾಚುವುದು ನನಗೆ ಬರೀ ಅಜಾಗರೂಕತೆಯಾಗಿ ಕಾಣುವುದಿಲ್ಲ, ಅನ್ಯಾಯವಾಗಿ ಕಾಣುತ್ತದೆ. ಕೊಡುವವರ ಶಕ್ತಿ ನೋಡದೆ ಕೇಳಿದ್ದನ್ನು ಸಾಲ ಎನ್ನಲಾಗದು, ಸುಲಿಗೆ ಎನ್ನಬೇಕು.

ಅಳಿವು ದೂರದ ಮಾತೇನಲ್ಲ. 1862ರಲ್ಲಿ ಜಕಾರ್ತದ ಮೀನುಪೇಟೆಯಲ್ಲಿ ಕೊಂಡ ಒಂದು ಪುಟ್ಟ ತೊರಕೆಯ ಜಾತಿ ಮತ್ತೆ ಯಾರಿಗೂ ಸಿಗಲಿಲ್ಲ. 2023ರಲ್ಲಿ ಅದು ಅಳಿದುಹೋಯಿತೆಂದು ಘೋಷಿಸಿದರು. ನಮ್ಮ ಸರ್ಕಾರ 2001ರಲ್ಲಿ ತಿಮಿಂಗಿಲ ಶಾರ್ಕ್, ಗರಗಸ ಮೀನುಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿತು, 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತು ನಿಲ್ಲಿಸಿತು. ಒಳ್ಳೆಯ ಕೆಲಸ, ಆದರೆ ಪೇಟೆಯ ಬುಟ್ಟಿಯ ತನಕ ಕಾನೂನು ಬರುವುದಿಲ್ಲ.

ಬಾಣಂತಿಯ ತಟ್ಟೆಗೆ ಕೈ ಹಾಕುವ ಮಾತಲ್ಲ ಇದು. ದೊಡ್ಡ ಹಡಗುಗಳ ಪಾಲಿನ ಮುಂದೆ ಅವಳ ತುತ್ತು ಏನೂ ಅಲ್ಲ. ಆದರೂ ಗೇಣುದ್ದದ ಸೊರ ಮರಿಗಳನ್ನು ಯಾರಾದರೂ ಮಾರುತ್ತಿದ್ದರೆ ಕೊಳ್ಳಬೇಡಿ. ನಾಲೆಯ ನೀರಲ್ಲಿ ಬೆಳೆದ ರೋಹು, ಕಾಟ್ಲಾ ಮನೆಗೆ ತನ್ನಿ.