ಮೈಲೇಜಿನ ಬಿಲ್ ಯಾರ ಹೆಸರಿಗೆ?

ನಮ್ಮ ತುಮಕೂರು ಕಡೆ ಯಾರಾದರೂ ಹೊಸ ಕಾರು ತಗೊಂಡರೆ ಬಣ್ಣ, ಕಂಪನಿ ಎಲ್ಲ ಆಮೇಲೆ. ಮೊದಲ ಪ್ರಶ್ನೆ ಒಂದೇ: ‘ಎಷ್ಟು ಕೊಡುತ್ತೆ?’ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ತಿಂಗಳು ತಿಂಗಳು ಇಎಂಐ ಕಟ್ಟುವವರಿಗೆ ಅದರ ಬಿಸಿ ಗೊತ್ತು. ಆದರೆ ಉಳಿಸೋದು ಅನ್ನೋದು ತಾನಾಗಿಯೇ ಒಳ್ಳೆಯ ಗುಣವಾ? ಉಳಿದ ದುಡ್ಡು ನನ್ನ ಜೇಬಿಗೆ ಬಂತು, ಸರಿ. ಅದಕ್ಕೆ ಬೆಲೆ ತೆತ್ತವರು ಯಾರು?

ಕೆಲವು ಉಳಿತಾಯಕ್ಕೆ ಯಾರೂ ಬೆಲೆ ತೆರಬೇಕಿಲ್ಲ. ಟೈರಿಗೆ ಸರಿಯಾದ ಗಾಳಿ ಹಾಕಿಸೋದು, ಡಿಕ್ಕಿಯಲ್ಲಿ ತಿಂಗಳಿಂದ ಬಿದ್ದಿರುವ ಸಾಮಾನು ಇಳಿಸೋದು, ಸಿಗ್ನಲ್ಲಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದಾಗ ಎಂಜಿನ್ ಆಫ್ ಮಾಡೋದು. ಈ ಕೊನೆಯದರಲ್ಲಂತೂ ಅಲ್ಲೇ ಹೂವು ಮಾರುವ ಅಮ್ಮನಿಗೂ ಲಾಭ. ಅಷ್ಟು ಹೊಗೆ ಅವರಿಗೆ ಕಡಿಮೆ.

ಇನ್ನು ಕೆಲವಕ್ಕೆ ಬೆಲೆ ತೆರೋದು ನಾನೇ. ತುಮಕೂರಿಂದ ನೆಲಮಂಗಲ ಸುಮಾರು 40 ಕಿಲೋಮೀಟರ್. 100ರ ವೇಗದಲ್ಲಿ ಹೋದರೆ 24 ನಿಮಿಷ, 80ರಲ್ಲಿ 30. ಎದುರುಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. ಹಾಗಾಗಿ 80ಕ್ಕಿಂತ 100ರಲ್ಲಿ ಅದು ಒಂದೂವರೆ ಪಟ್ಟಿಗೂ ಹೆಚ್ಚು, ಅದನ್ನು ತಳ್ಳೋಕೆ ಪೆಟ್ರೋಲ್ ಬೇಕು. ಆರು ನಿಮಿಷ ಕೊಟ್ಟು ಪೆಟ್ರೋಲ್ ಉಳಿಸಿದರೆ ಅದು ಪ್ರಾಮಾಣಿಕ ವ್ಯಾಪಾರ. ಆದರೆ ಅದೇ 80ರಲ್ಲಿ ಬಲಗಡೆಯ ಲೇನು ಹಿಡಿದು ಕೂತರೆ, ಆ ಆರು ನಿಮಿಷವನ್ನ ಹಿಂದಿರುವವರೆಲ್ಲ ಕೊಡಬೇಕಾಗುತ್ತೆ.

ಮೂರನೆಯದೇ ಕಷ್ಟದ್ದು: ಉಳಿಸೋದು ನಾನು, ಬೆಲೆ ತೆರೋದು ಇನ್ನೊಬ್ಬರು. ದೇವರಾಯನದುರ್ಗದ ಇಳಿಜಾರಲ್ಲಿ ಗಾಡಿ ನ್ಯೂಟ್ರಲ್‌ಗೆ ಹಾಕಿ ಬಿಡುವ ಜಾಣರಿದ್ದಾರೆ. ಈಗಿನ ಫ್ಯೂಯೆಲ್ ಇಂಜೆಕ್ಷನ್ ಎಂಜಿನ್ನುಗಳು, ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಬದುಕಿರೋಕಾದರೂ ಸ್ವಲ್ಪ ಕುಡಿಯುತ್ತೆ. ಅಂದರೆ ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ. ತಿರುವಿನಲ್ಲಿ ಎದುರು ಬರುವ ಬೈಕಿನವನಿಗೆ ಈ ಲೆಕ್ಕಾಚಾರ ಯಾರೂ ಹೇಳಿರಲ್ಲ.

ಇದಕ್ಕಿಂತ ಸದ್ದಿಲ್ಲದ ಇನ್ನೊಂದಿದೆ. ನಾವು ಮಾಲ್ ಒಳಗೆ ಎರಡು ತಾಸು ತಣ್ಣಗೆ ಸುತ್ತಾಡುತ್ತೇವೆ. ಹೊರಗೆ ಬಾಡಿಗೆ ಕಾರಿನ ಡ್ರೈವರ್ ಕಿಟಕಿ ಇಳಿಸಿಕೊಂಡು ಬೆವರುತ್ತಾ ಕೂತಿರುತ್ತಾನೆ. ಮೈಲೇಜ್ ಕಡಿಮೆಯಾದರೆ ಮಾಲೀಕ ಕೇಳುತ್ತಾನೆ ಅನ್ನೋ ಭಯ ಅವನಿಗೆ. ಅದೇ ಡ್ರೈವರ್ ನಾಳೆ ನಮ್ಮನ್ನ ಕೂರಿಸಿಕೊಂಡಾಗ ಎಸಿ ಹಾಕೋಕೆ ಹಿಂದುಮುಂದು ನೋಡಿದರೆ ನಮಗೆ ಸಿಟ್ಟು, ಅವನಿಗೆ ಒಂದು ಸ್ಟಾರ್ ಕಡಿಮೆ. ನಾವು ಉಳಿಸಿದರೆ ಮಿತವ್ಯಯ, ಅವನು ಉಳಿಸಿದರೆ ಜಿಪುಣತನ. ನಿಜ ಹೇಳಬೇಕಂದ್ರೆ ಅವನ ಉಳಿತಾಯ ಮನೆಗೆ ಅಕ್ಕಿ, ನಮ್ಮದು ವಾರಾಂತ್ಯಕ್ಕೆ ಇನ್ನೊಂದು ಟ್ರಿಪ್.

ಈ ‘ಇನ್ನೊಂದು ಟ್ರಿಪ್’ ಹೊಸ ವಿಷಯವಲ್ಲ. 1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಇದನ್ನ ಬರೆದಿದ್ದ. ಕಲ್ಲಿದ್ದಲು ಕಡಿಮೆ ತಿನ್ನುವ ಉಗಿ ಎಂಜಿನ್ನುಗಳು ಬಂದ ಮೇಲೆ ಒಟ್ಟು ಕಲ್ಲಿದ್ದಲಿನ ಬಳಕೆ ಇಳಿಯಲಿಲ್ಲ, ಏರಿತು. ನಮ್ಮ ಕಥೆಯೂ ಅಷ್ಟೇ. ಗಾಡಿ ಚೆನ್ನಾಗಿ ಕೊಡುತ್ತೆ ಅಂತ ಗುಬ್ಬಿಗೆ ಬಸ್ಸಲ್ಲಿ ಹೋಗುತ್ತಿದ್ದವರು ಒಬ್ಬರೇ ಕಾರಲ್ಲಿ ಹೊರಡುತ್ತೇವೆ. ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚನ್ನು ಹೊರಗಿಂದ ತರಿಸುವ ದೇಶ ನಮ್ಮದು.

ಹಾಗಂತ ಭಾನುವಾರ ಕುಣಿಗಲ್ ಕೆರೆ ನೋಡೋಕೆ ಹೋಗೋದು ಪಾಪವಲ್ಲ. ಖುಷಿಗೆ ಖರ್ಚು ಮಾಡೋಣ, ಅದನ್ನ ಉಳಿತಾಯ ಅಂತ ಕರೆಯೋದು ಬೇಡ. ಹೊರಡುವ ಮುಂಚೆ ಹಿಂದಿನ ಮೂರು ಸೀಟು ನೋಡಿ. ಮನೆಯಿಂದ ಹೊರಗೆ ಕಾಲಿಟ್ಟು ತಿಂಗಳಾಗಿರುವ ಅಜ್ಜಿಯೋ, ಪಕ್ಕದ ಮನೆಯ ಹುಡುಗನೋ ಅಲ್ಲಿ ಕೂತರೆ ಲೀಟರಿಗೆ ಬರುವ ಕಿಲೋಮೀಟರ್ ಒಂಚೂರು ಕಡಿಮೆಯಾಗುತ್ತೆ. ಆಗಲಿ ಬಿಡಿ.